ಅಕ್ಕನ ಮಾತು, ತಂಗಿಯ ಗಿಡ

ಮಾವಿನ ಗಿಡದ ಕುಡಿ ಮುಟ್ಟಿ ನೋಡಿ ಅದರಿಂದ ಎಲೆ ಬರುತ್ತದೋ ಹೂವು ಬರುತ್ತದೋ ಹೇಳುವ ವಿದ್ಯೆ ಮಸ್ಕಿಯ ಗ್ಯಾನಮ್ಮನಿಗೆ ಗೊತ್ತಿತ್ತು. ಎಲೆಯ ಕುಡಿ ಸಣಕಲು, ತುದಿ ಚೂಪು. ಹೂವಿನ ಕುಡಿ ಗಿಡ್ಡ, ಬುಡ ದಪ್ಪ. ಬಿರಿಯುವುದಕ್ಕೆ ಹದಿನೈದು ದಿನ ಮೊದಲೇ ಅವಳು ಎರಡು ಬೆರಳ ನಡುವೆ ಹಿಡಿದು ಹೇಳಿಬಿಡುತ್ತಿದ್ದಳು. ಹೇಳಿದ್ದು ತಪ್ಪಿದ್ದು ಕಡಿಮೆ.

ವಿದ್ಯೆ ಕಲಿಸಿದವನು ಅವಳ ಅಪ್ಪ ಅಂಬಪ್ಪ. ಮುದಗಲ್ಲಿನ ಸುತ್ತಮುತ್ತ ಬೇರೆಯವರ ಮಾವಿನ ತೋಟ ಕಾದು ಬದುಕಿದವನು. "ಗಿಡ ಬಿಸಲಿಗೆ ಹೂ ಬಿಡೂದಿಲ್ಲ ಮಗಳ, ಚಳಿಗೆ ಬಿಡತೈತಿ. ದೀಪಾವಳಿ ಆತು ಅಂದ್ರ ನೀರು ಕಟ್ಟು ಮಾಡಬೇಕು. ಬಾಯಾರಿದ ಗಿಡದ ಮೈ ಗಟ್ಟಿ ಆಗತೈತಿ. ಆಮ್ಯಾಲ ಎಂಥಾ ಚಳಿ ಬಂದ್ರೂ ತಡಕೋತೈತಿ" ಎಂದು ಅವನು ಹೇಳುತ್ತಿದ್ದ. ಗ್ಯಾನಮ್ಮ ಅವನ ಹಿಂದೆ ತಿರುಗಿ ಎಲ್ಲವನ್ನೂ ಕಿವಿಗೆ ಹಾಕಿಕೊಂಡಳು. ಅವಳಿಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಗದ್ದೆಮ್ಮ ಮಾತ್ರ ಅವ್ವನ ಸೆರಗು ಬಿಟ್ಟು ಹೊರಗೆ ಬಂದವಳೇ ಅಲ್ಲ.

ಅವರ ಮನೆಯ ಹಿತ್ತಲಲ್ಲಿ ಒಂದು ಮಾವಿನ ಗಿಡವಿತ್ತು. ಕಾಯಿ ಹುಳಿ, ಹಣ್ಣು ಸಕ್ಕರೆ. ಮದುವೆಯಾಗಿ ಹೋಗುವಾಗ ಇಬ್ಬರು ಹೆಣ್ಣುಮಕ್ಕಳಿಗೂ ಅವ್ವ ಜಂಬಮ್ಮ ಅದರದೇ ಗೊರಟ ಹಾಕಿ ಬೆಳೆಸಿದ ಒಂದೊಂದು ಸಸಿ ಉಡಿ ತುಂಬಿ ಕಳಿಸಿದಳು. ಗ್ಯಾನಮ್ಮನ ಸಸಿ ಮಸ್ಕಿಯ ಕೆಂಪು ಮಸಾರಿ ಹೊಲಕ್ಕೆ ಬಂತು. ಗದ್ದೆಮ್ಮನ ಸಸಿ ತುರ್ವಿಹಾಳಕ್ಕೆ, ಕೆನಾಲಿನ ನೀರು ಹರಿಯುವ ಗದ್ದೆಯ ಬದುವಿಗೆ ಹೋಯಿತು.

ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ.

ನಾಲ್ಕು ಬ್ಯಾಸಿಗೆ ಗ್ಯಾನಮ್ಮ ಅರ್ಧ ಮೈಲಿ ದೂರದ ಬಾವಿಯಿಂದ ತಲೆಯ ಮೇಲೆ ಕೊಡ ಹೊತ್ತು ಸಸಿ ಉಳಿಸಿಕೊಂಡಳು. ಅವಳ ಗಿಡ ಎದೆಮಟ್ಟ ಬರುವುದರೊಳಗೆ, ಆರು ವರ್ಷ ತಡವಾಗಿ ನೆಟ್ಟ ತಂಗಿಯ ಗಿಡ ಗಂಡಸರನ್ನು ಮೀರಿ ನಿಂತಿತ್ತು. ಒಂದು ಕೊಡ ನೀರನ್ನೂ ಗದ್ದೆಮ್ಮ ಹೊತ್ತಿರಲಿಲ್ಲ. ಎಂಬತ್ತನೇ ಇಸವಿಯ ಸುಮಾರಿಗೆ ಎರಡೂ ಕಾಯಿ ಹಿಡಿಯತೊಡಗಿದವು. ಜಂಬಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಮುದಗಲ್ಲಿನಲ್ಲಿದ್ದಳು. ಹಿತ್ತಲಿನ ಹಳೆಯ ಗಿಡ ಗಾಳಿಗೆ ಬಿದ್ದುಹೋಗಿತ್ತು. ಉಪ್ಪಿನಕಾಯಿ ಹಾಕುವ ಹೊತ್ತಿಗೆ ಅವಳು ಹೇಳಿ ಕಳಿಸುತ್ತಿದ್ದದ್ದು ತುರ್ವಿಹಾಳಕ್ಕೆ. "ನಿನ್ನ ಗಿಡದ ಕಾಯಿ ಸಣ್ಣವು ಅದಾವ. ಗದ್ದೆವ್ವನ ಗಿಡದವು ಹೋಳು ಮಾಡಾಕ ಬರತಾವ" ಎಂದು ಗ್ಯಾನಮ್ಮನ ಎದುರಿಗೇ ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಅದು ಗ್ಯಾನಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಪ್ರತಿ ವರ್ಷ ಎಳ್ಳಮಾವಾಸಿಗೆ ತಂಗಿ ಕರೆಯುತ್ತಿದ್ದಳು, ಅಕ್ಕ ಸಿಂಧನೂರಿನಲ್ಲಿ ಬಸ್ಸು ಬದಲಿಸಿ ತುರ್ವಿಹಾಳಕ್ಕೆ ಹೋಗುತ್ತಿದ್ದಳು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಎಲ್ಲರೂ ಗಿಡದ ನೆರಳಿಗೆ ಕೂಡುತ್ತಿದ್ದರು. ಎಲ್ಲರೂ ಭೂಮಿತಾಯಿಯ ಎಡೆಯನ್ನು ಹೊಲದ ತುಂಬ ಚರಗ ಚೆಲ್ಲಲು ಹೊರಟರೆ ಗ್ಯಾನಮ್ಮ ಟೊಂಗೆ ಬಗ್ಗಿಸಿ ಕುಡಿ ಮುಟ್ಟಿ ನೋಡುತ್ತಿದ್ದಳು. ತನ್ನ ಗಿಡದ್ದು ಎಷ್ಟು, ತಂಗಿಯದು ಎಷ್ಟು ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಗಂಡ ಯಮನೂರಪ್ಪ ಒಮ್ಮೆ ಅದನ್ನು ನೋಡಿ, "ಗಿಡ ನೋಡಾಕ ಬಂದೀಯೋ ತಂಗಿನ್ನ ನೋಡಾಕ ಬಂದೀಯೋ?" ಎಂದು ನಕ್ಕ. ಗ್ಯಾನಮ್ಮ ಆ ದಿನ ಅವನೊಡನೆ ಮಾತಾಡಲಿಲ್ಲ.

ಎಂಬತ್ತೆಂಟರಲ್ಲಿ ಹವಾ ತಿರುಗಿಬಿತ್ತು. ದೀಪಾವಳಿ ಕಳೆದರೂ ಚಳಿಯ ಸುಳಿವಿಲ್ಲ. ಜನ ಅಂಗಳದಲ್ಲೇ ಮಲಗುತ್ತಿದ್ದರು. ಕಾರ್ತಿಕದಲ್ಲಿ ನಾಲ್ಕು ದಿನ ತಣ್ಣಗೆ ಬೀಸಿ ಮತ್ತೆ ಬಿಸಿಲು ಕಾಯಿತು. ಎಷ್ಟೋ ಗಿಡಗಳು ಚಳಿಗಾಲ ಬಂತೆಂದು ಮೋಸ ಹೋದವು. ಗ್ಯಾನಮ್ಮ ಅಷ್ಟರಲ್ಲೇ ಬೇರೊಂದು ಕೆಲಸಕ್ಕೆ ಸಿಂಧನೂರಿಗೆ ಹೋದವಳು ತುರ್ವಿಹಾಳಕ್ಕೂ ಹೋದಳು. ಮಾರ್ಗಶಿರ ಮಾಸ ಇನ್ನೂ ಅರ್ಧವಾಗಿರಲಿಲ್ಲ. ತಂಗಿಯ ಗಿಡ ಬುಡದಿಂದ ನೆತ್ತಿಯವರೆಗೆ ಹೂ ಹೊತ್ತು ನಿಂತಿತ್ತು. ಎಲೆಯೇ ಕಾಣದಂತೆ. ಜೇನುಹುಳಗಳ ಸದ್ದು ಬದುವಿನ ಆ ತುದಿಗೂ ಕೇಳುತ್ತಿತ್ತು. ಮಸ್ಕಿಯಲ್ಲಿ ಅವಳ ಗಿಡ ಇನ್ನೂ ಕಣ್ಣು ಮುಚ್ಚಿಕೊಂಡೇ ಇತ್ತು.

"ನೋಡಕ್ಕಾ, ಎಂಥಾ ಹೂ!" ಗದ್ದೆಮ್ಮ ಸಣ್ಣ ಹುಡುಗಿಯ ಹಾಗೆ ಅಕ್ಕನ ಕೈ ಹಿಡಿದು ಎಳೆದಳು. "ಈ ಸಲ ಯುಗಾದಿ ಒಳಗ ಅವ್ವಗ ಕಾಯಿ ಕಳಸ್ತೀನಿ. ಬಾಯಿ ಕೆಟ್ಟೈತಿ, ಏನೂ ಸೇರಂಗಿಲ್ಲ ಅನ್ನಾಕತ್ಯಾಳ. ಹೊಸ ಕಾಯಿ ಚಟ್ನಿ ಬೇಕಂತ ಆಕೀಗಿ."

ಜಂಬಮ್ಮ ಆ ವರ್ಷ ಹಾಸಿಗೆ ಹಿಡಿದಿದ್ದಳು. ತಾಯಿ ಚಟ್ನಿಯ ಆಸೆಯನ್ನು ತನಗೆ ಹೇಳದೆ ತಂಗಿಗೆ ಹೇಳಿದ್ದಾಳೆ ಎಂಬುದು ಗ್ಯಾನಮ್ಮನಿಗೆ ಆಗಲೇ ತಿಳಿದದ್ದು. ಅವಳ ಮುಖ ಬಿಗಿಯಿತು. ಗದ್ದೆಮ್ಮ ಗಮನಿಸಲಿಲ್ಲ.

"ಒಂದು ಮಾತು ಕೇಳಬೇಕಿತ್ತಕ್ಕಾ. ಗದ್ದಿಗಿ ನೀರು ಬಿಡಾಕತ್ತಾರ. ಬುಡದಾಗ ಯಾವಾಗಲೂ ತ್ಯಾವ ಇರತೈತಿ. ಕಾಲುವಿ ಆ ಕಡಿ ತಿರವಿಸಲೇನು? ನೀರು ಬಿಟ್ರ ಏನರ ಆಗತೈತೇನು ಗಿಡಕ್ಕ?"

ಗ್ಯಾನಮ್ಮ ಒಂದು ಕುಡಿ ಬಗ್ಗಿಸಿ ಬೆರಳ ನಡುವೆ ಹಿಡಿದಳು. ಟೊಂಗೆ ಎಳೆಸೌತೆಯ ಹಾಗೆ ಮೆತ್ತಗಿತ್ತು, ನೀರು ಕುಡಿದು ಉಬ್ಬಿತ್ತು. ಚಳಿ ಇನ್ನೂ ಬಂದಿಲ್ಲ, ಆದರೆ ಬಾರದೆ ಇರುವುದಿಲ್ಲ. ಬಂದ ದಿನ ಈ ಮೈ ತಡೆಯುವುದಿಲ್ಲ. ಈಗ ನೀರು ನಿಲ್ಲಿಸಿದರೆ ಒಂದಿಷ್ಟಾದರೂ ಗಟ್ಟಿಯಾದೀತು. ಅಪ್ಪ ಬೆನ್ನ ಹಿಂದೆ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಇದೆಲ್ಲ ಅವಳಿಗೆ ಗೊತ್ತಿತ್ತು.

"ನೀರಿದ್ರ ಗಿಡಕ್ಕ ಛಲೋನ ಆಗತೈತಿ" ಎಂದಳು. "ಹೂ ಹೊತ್ತ ಗಿಡ ಬಸುರಿ ಇದ್ದಂಗ. ಬಾಯಾರಿಸಬಾರದು. ಬಿಡು ನೀರು."

ಬಸ್ಸಿನಲ್ಲಿ ಮರಳುವಾಗ ಅವಳಿಗೆ ಭಯವಾಗಲಿಲ್ಲ. ನಿಜ ಹೇಳಬೇಕೆಂದರೆ ಮೈ ಹಗುರಾಗಿತ್ತು.

ಸಂಕ್ರಾಂತಿಗೆ ಮೂರು ದಿನ ಮೊದಲು ಉತ್ತರದಿಂದ ಗಾಳಿ ಎದ್ದಿತು. ಎಮ್ಮೆಗಳಿಗೆ ಗೋಣಿಚೀಲ ಹೊದಿಸಿದರು. ಐದು ದಿನ ಜನ ಬಿಸಿಲೇರುವ ತನಕ ಹೊರಗೆ ಕಾಲಿಡಲಿಲ್ಲ. ಗ್ಯಾನಮ್ಮನ ಗಿಡಕ್ಕೆ ಏನೂ ಆಗಲಿಲ್ಲ. ಅದು ಚಳಿ ಉಂಡು, ಮಾಘದಲ್ಲಿ ನಿಧಾನ ಕುಡಿ ಒಡೆದು, ಶಿವರಾತ್ರಿಗೆ ಹೂ ತುಂಬಿಕೊಂಡಿತು.

ಆ ಚಳಿ ಇಳಿದ ವಾರವೇ ಗದ್ದೆಮ್ಮ ಗಂಡ ಆದಪ್ಪನೊಂದಿಗೆ ಮಸ್ಕಿಗೆ ಬಂದಿದ್ದಳು. ಅಕ್ಕನ ಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. "ಬೆಂಕಿ ಹಚ್ಚಿದಂಗ ಆಗೈತಕ್ಕಾ. ಹೂವೆಲ್ಲಾ ಕರ್ರಗ. ಎಳೀ ಟೊಂಗಿ ಎಲ್ಲಾ ಸುಟ್ಟಾವ. ಪಡುವಣ ಕಡೀದು ಒಂದು ದೊಡ್ಡ ಟೊಂಗಿ ಪೂರಾ ಒಣಗಾಕತ್ತೈತಿ."

ಗ್ಯಾನಮ್ಮ ತಂಗಿಯ ತಲೆ ಸವರಿದಳು. "ಅಳಬ್ಯಾಡವ್ವ, ದೇವರಾಟ" ಎಂದಳು. ಒಳಗೆ ಯಾರೋ ಕುಣಿಯುತ್ತಿದ್ದರು. ಅದು ತನ್ನೊಳಗೇ ಎಂದು ಗೊತ್ತಾಗಿ ಅವಳು ಎದ್ದು ನೀರು ತರುವ ನೆವದಿಂದ ಅಡುಗೆಮನೆಗೆ ಹೋದಳು.

ಚೈತ್ರದಲ್ಲಿ ತನ್ನ ಗಿಡದ ಮೊದಲ ಕಾಯಿಗಳನ್ನು ಕಿತ್ತು, ತಾನೇ ಮುದಗಲ್ಲಿಗೆ ಹೋಗಿ, ತಾನೇ ಹಸಿಮೆಣಸಿನಕಾಯಿ ಹಾಕಿ ಕಲ್ಲಿನಲ್ಲಿ ಅರೆದು ಚಟ್ನಿ ಮಾಡಿದಳು. ಜಂಬಮ್ಮನ ಕಣ್ಣುಗಳು ಮಂಜಾಗಿದ್ದವು. ಬೆರಳಿಂದ ತೆಗೆದು ನಾಲಿಗೆಗೆ ಹಚ್ಚಿದಳು. ಬತ್ತಿದ ಮುಖ ಅರಳಿತು.

"ನಮ್ಮ ಹಿತ್ತಲ ಗಿಡದ್ದ ರುಚಿ ಐತಿ. ಗದ್ದೆವ್ವ ಕಳಿಸ್ಯಾಳೇನು?"

ಗ್ಯಾನಮ್ಮನ ಬಾಯಿಗೆ "ಅಲ್ಲವ್ವ, ನಂದು" ಎಂಬ ಮಾತು ಬಂತು. ಬಂದದ್ದು ಅಲ್ಲೇ ನಿಂತಿತು. ತಂಗಿಯ ಗಿಡ ಯಾಕೆ ಕಾಯಿ ಬಿಡಲಿಲ್ಲ ಎಂದು ಅವ್ವ ಕೇಳಿದರೆ ಏನು ಹೇಳುವುದು?

"ಹೂಂ" ಎಂದಳು. "ಗದ್ದೆವ್ವನ ಕಳಿಸ್ಯಾಳ."

ಜಂಬಮ್ಮ ಆ ಬ್ಯಾಸಿಗೆಯಲ್ಲೇ ತೀರಿಹೋದಳು. ಗ್ಯಾನಮ್ಮ ಚಟ್ನಿಯ ಮಾತನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ಅವಳ ಮನೆಯ ಸ್ಥಿತಿ ಸುಧಾರಿಸಿತು. ತೊಂಬತ್ತೆರಡರಲ್ಲಿ ಯಮನೂರಪ್ಪ ಹೊಲದಲ್ಲಿ ಬೋರು ಹಾಕಿಸಿದ, ಮೂರಿಂಚು ನೀರು ಬಿತ್ತು. ಗ್ಯಾನಮ್ಮ ಮೊದಲು ಮಾಡಿದ ಕೆಲಸವೆಂದರೆ ಮಾವಿನ ಗಿಡಕ್ಕೆ ಕಾಲುವೆ ತೆಗೆಸಿದ್ದು. ಸುಟ್ಟು ಅರ್ಧವಾಗಿದ್ದ ತಂಗಿಯ ಗಿಡ ಮತ್ತೆ ಚಿಗಿತು ಹರಡುತ್ತಿತ್ತು. ಅದಕ್ಕಿಂತ ದೊಡ್ಡದಾಗಿ ತನ್ನ ಗಿಡ ಬೆಳೆಯಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಅಪ್ಪನ ಮಾತನ್ನು ಗೊತ್ತಿದ್ದೂ ಮರೆತಳು. ದೀಪಾವಳಿಯಾದರೂ ನೀರು ನಿಲ್ಲಲಿಲ್ಲ.

ಗಿಡ ಬೆಳೆಯಿತು. ಹಸಿರಾಗಿ, ದಟ್ಟವಾಗಿ, ನೋಡಿದವರು ಹೌದೌದೆನ್ನುವ ಹಾಗೆ. ಆದರೆ ಹೂ ಬಿಡುವುದು ಕಡಿಮೆಯಾಯಿತು. ಚಳಿಗಾಲಗಳೂ ಮೊದಲಿನಂತಿರಲಿಲ್ಲ. ಪುಷ್ಯ ಮಾಸದಲ್ಲೂ ಕಂಬಳಿ ಬೇಕಾಗದ ರಾತ್ರಿಗಳು ಹೆಚ್ಚಾದವು. ತೊಂಬತ್ತೈದರ ಚಳಿಗಾಲದಲ್ಲಿ ಅವಳು ಕುಡಿ ಮುಟ್ಟಿ ನೋಡಿ, ಬುಡ ದಪ್ಪ ಇದೆ, ಹೂವೇ ಎಂದು ಹೇಳಿದಳು. ಬಂದದ್ದು ಕೆಂಪು ಎಲೆ. ಗಿಡದ ತುಂಬ ಕೆಂಪು ಚಿಗುರು, ಒಂದೂ ಹೂವಿಲ್ಲ.

ಪಕ್ಕದ ಮನೆಯ ಖಾಸಿಂಬೀ ಊರೂರು ತಿರುಗಿ ಹಣ್ಣು ಕೊಂಡು ಸಿಂಧನೂರಿನಲ್ಲಿ ಮಾರುವವಳು. ಗಿಡದ ಕೆಳಗೆ ನಿಂತು ಮೇಲೆ ನೋಡಿ, "ಏನ್ ಬೇ ಗ್ಯಾನವ್ವಾ, ನಿನ್ನ ಬೆರಳೂ ಸುಳ್ಳು ಹೇಳಾಕತ್ತಾವಲ್ಲ" ಎಂದಳು.

ತಮಾಷೆಗೆ ಅಂದದ್ದು. ಗ್ಯಾನಮ್ಮ ಮರುದಿನವೇ ಒಂದು ಟೊಂಗೆ ಮುರಿದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಅಲ್ಲಿ ತೋಟಗಾರಿಕೆ ಇಲಾಖೆಯ ಸಾಹೇಬ ಹಂಪಣ್ಣ ಅಂತ ಒಬ್ಬರಿದ್ದರು. ಯಾರು ಬಂದರೂ ಕುರ್ಚಿ ಕೊಟ್ಟು ಮಾತಾಡಿಸುವ ಮನುಷ್ಯ. ಟೊಂಗೆ ತಿರುಗಿಸಿ ನೋಡಿದರು.

"ನೀರು ಯಾವಾಗ ನಿಲ್ಲಸ್ತೀರಿ ಯವ್ವಾ?"

"ನಿಲ್ಲಸಂಗಿಲ್ರಿ."

"ಅದೊಂದು ತಪ್ಪು. ಇನ್ನೊಂದು ನಿಮ್ಮ ತಪ್ಪಲ್ಲ. ಮಾವಿನ ಗಿಡಕ್ಕ ತಣ್ಣನ ರಾತ್ರಿ ಬೇಕು. ಹತ್ತಾರು ತಣ್ಣನ ರಾತ್ರಿ ಒಂದರ ಹಿಂದ ಒಂದು ಬಂದ್ರ, ಅದು ಹೂವಿನ ಕಡಿ ತಿರಗತೈತಿ. ರಾತ್ರಿ ಬೆಚ್ಚಗಾತು, ಬುಡದಾಗ ತ್ಯಾವ ಇತ್ತು ಅಂದ್ರ, ಇನ್ನೂ ಬೆಳಿಯೋ ಕಾಲ ಐತಿ ಅಂತ ಎಲಿ ಬಿಡತೈತಿ. ಭೂಮಿ ವರ್ಷಾ ವರ್ಷಾ ಬಿಸಿ ಆಗಾಕತ್ತೈತಿ ಅಂತ ಈಗ ಪೇಪರಿನಾಗೂ ಬರೀತಾರ."

"ಹಂಗಾರ ಚಳಿ ಇನ್ನ ಬರೂದಿಲ್ಲೇನ್ರಿ?"

"ಬರತೈತ್ರಿ. ಅದ ಮೋಸ. ಮೊದಲು ನಾಕು ದಿನ ತಣ್ಣಗಾಗಿ ಮತ್ತ ಬೆಚ್ಚಗಾಗಿ ಗಿಡಕ್ಕ ಹೊತ್ತಿಲ್ಲದ ಹೊತ್ತಿನಾಗ ಹೂ ಬಿಡಸತೈತಿ, ಮೈ ಮೆತ್ತಗ ಮಾಡತೈತಿ. ಆಮ್ಯಾಲ ಒಂದು ವಾರ ಚಳಿ ಹೊಡಿತಂದ್ರ ಎಲ್ಲಾ ಸುಡತೈತಿ. ಹಂಗ ಮುಂಚೆ ಹೂ ಬಂದ್ರ ಅದನ್ನ ಕೈಯಿಂದ ಮುರದು ಹಾಕಬೇಕು, ನೀರು ನಿಲ್ಲಸಬೇಕು. ಚಳಿ ಹೋದ ಮ್ಯಾಲ ಎರಡನೇ ಹೂ ಬರತೈತಿ. ಮುರಿಯಾಕ ಯಾರಿಗೂ ಮನಸು ಬರಂಗಿಲ್ಲ, ಅಷ್ಟ."

ಮರಳುವ ಬಸ್ಸಿನಲ್ಲಿ ಗ್ಯಾನಮ್ಮನಿಗೆ ತನ್ನ ಗಿಡದ ನೆನಪಾಗಲಿಲ್ಲ. ಎಂಬತ್ತೆಂಟರ ಮಾರ್ಗಶಿರದಲ್ಲಿ ತನ್ನ ಕೈ ಹಿಡಿದು ಎಳೆದ ತಂಗಿಯ ಮುಖವೇ ದಾರಿಯುದ್ದಕ್ಕೂ ಕಂಡಿತು. ಏಳು ವರ್ಷದಲ್ಲಿ ಆ ಸುಳ್ಳನ್ನು ಅವಳು ಹಲವು ಬಗೆಯಲ್ಲಿ ಸಣ್ಣದು ಮಾಡಿಕೊಂಡಿದ್ದಳು. ನೀರು ನಿಲ್ಲಿಸಿದ್ದರೂ ಸುಡುತ್ತಿತ್ತು, ಕೇಳದಿದ್ದರೂ ಅವರು ಬಿಡುತ್ತಿದ್ದರು ಎಂದು. ಈಗ ಯಾವುದೂ ನಿಲ್ಲಲಿಲ್ಲ.

ಮರುವರ್ಷ ಮತ್ತೆ ಅಂಥದೇ ಹವಾ. ಕಾರ್ತಿಕದಲ್ಲಿ ನಾಲ್ಕು ದಿನ ತಂಪು, ಆಮೇಲೆ ಬಿಸಿಲು. ಗ್ಯಾನಮ್ಮ ಕರೆಯಿಲ್ಲದೆ ತುರ್ವಿಹಾಳಕ್ಕೆ ಹೋದಳು. ಅಂದುಕೊಂಡ ಹಾಗೆಯೇ ತಂಗಿಯ ಗಿಡ ಮಾರ್ಗಶಿರದಲ್ಲೇ ಹೂ ಹೊತ್ತಿತ್ತು. ಮಸ್ಕಿಯ ತನ್ನ ಗಿಡಕ್ಕೆ ನೀರು ನಿಲ್ಲಿಸಲು ಅವಳಿಗೆ ಇನ್ನೂ ಮನಸ್ಸು ಬಂದಿರಲಿಲ್ಲ, ಅದರಲ್ಲಿ ಈ ಸಲವೂ ಎಲೆಯೇ. ಹೂ ನೋಡಿದ ಕೂಡಲೇ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಇಷ್ಟೆಲ್ಲ ಗೊತ್ತಿದ್ದು ಬಂದರೂ ಎದ್ದಿತು. ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

"ಗದ್ದೆವ್ವ, ಈ ಹೂವೆಲ್ಲಾ ಮುರದು ಹಾಕಬೇಕು. ನೀರು ನಿಲ್ಲಸಬೇಕು. ಲಿಂಗಸುಗೂರು ಸಾಹೇಬ್ರು ಹೇಳ್ಯಾರ."

ಗದ್ದೆಮ್ಮ ಒಂದು ಗಳಿಗೆ ಗಿಡ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿದಳು. "ನೀ ಅಂದ್ರ ಆತಕ್ಕಾ. ಏಣಿ ತರತೀನಿ ತಡಿ."

ಒಂದು ಮಾತೂ ಕೇಳದೆ ಹಾಗೆ ಹೊರಟುಬಿಟ್ಟದ್ದನ್ನು ಗ್ಯಾನಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ನಿಂದ್ರು" ಎಂದಳು. "ಏಣಿ ಆಮ್ಯಾಲ ತಾ. ಆ ವರ್ಷ ನೀರು ಬಿಡಲೇನು ಅಂತ ಕೇಳಿದ್ಯಲ್ಲ, ಬಿಡು ಅಂದೆ. ಬಿಡಬಾರದು ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಹೇಳಿದೆ."

"ಯಾಕ?"

"ನಿನ್ನ ಗಿಡ ನನ್ನ ಗಿಡಕ್ಕಿಂತ ಛಲೋ ಇತ್ತು. ಅವ್ವ ನಿನ್ನ ಕಡಿ ಕಾಯಿ ಕೇಳಿದಳು, ನನ್ನ ಕಡಿ ಕೇಳಲಿಲ್ಲ. ಅದಕ್ಕ."

ಗದ್ದೆಮ್ಮ ಸೊಂಟಕ್ಕೆ ಸಿಗಿಸಿದ್ದ ಸೆರಗು ಬಿಚ್ಚಿದಳು. ಕಾಲುವೆಯಲ್ಲಿ ನೀರು ಹರಿಯುವುದು ಕೇಳುತ್ತಿತ್ತು. "ಅವತ್ತ ಇಲ್ಲಿ ಮೂರು ಮಂದಿ ನೀರು ನಿಲ್ಲಸ್ರಿ ಅಂತ ಹೇಳಿದ್ರು" ಎಂದಳು. "ಮನಿಯವರೂ ನಿಲ್ಲಸೂಣು ಅಂದ್ರು. ನಾನ ಹಟಾ ಹಿಡದೆ. ನಮ್ಮಕ್ಕಗ ಗಿಡದ ಬಗ್ಗೆ ಎಲ್ಲಾ ಗೊತ್ತೈತಿ, ಆಕಿ ಬಿಡು ಅಂದಾಳ ಅಂತ ಎಲ್ಲರ ಕೂಡ ಜಗಳಾ ಮಾಡಿದೆ."

ಅಷ್ಟು ಹೇಳಿ ಮನೆಯ ಕಡೆ ನಡೆದುಬಿಟ್ಟಳು.

ಗ್ಯಾನಮ್ಮ ಬದುವಿನ ಮೇಲೆ ಕೂತಳು. ಬಸ್ಸಿಗೆ ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗದ್ದೆಮ್ಮ ಏಣಿ ಹೊತ್ತು ಬಂದಳು. ಅತ್ತು ಮುಖ ತೊಳೆದುಕೊಂಡಿದ್ದು ಕಾಣುತ್ತಿತ್ತು. ಏಣಿಯನ್ನು ಟೊಂಗೆಗೆ ಆನಿಸಿ, ಅಕ್ಕನ ಮುಖ ನೋಡದೆ ಹೇಳಿದಳು.

"ಹಾದಿ ಕಡೀದು ಅರ್ಧ ಮುರಿ. ಗದ್ದಿ ಕಡೀದು ಮುಟ್ಟಬ್ಯಾಡ. ನಿನ್ನ ಮಾತು ಇನ್ನ ಮ್ಯಾಲ ಅರ್ಧ ನಂಬತೀನಿ."

ಐವತ್ತರ ಹತ್ತಿರದ ಗ್ಯಾನಮ್ಮ ಏಣಿ ಹತ್ತಿದಳು. ಕತ್ತಲಾಗುವವರೆಗೂ ಒಂದೊಂದೇ ಹೂಗೊಂಚಲು ಮುರಿದು ಕೆಳಗೆ ಹಾಕಿದಳು. ಕೈಗೆ ಅಂಟು ಮೆತ್ತಿತು, ತಲೆಯ ತುಂಬ ಹೂ ಉದುರಿತು. ಹಿಂದೊಮ್ಮೆ ಈ ಹೂವೆಲ್ಲ ಹಾಳಾಗಲಿ ಎಂದು ಬಯಸಿದ್ದಳು. ಈಗ ಪ್ರತಿ ಗೊಂಚಲು ಮುರಿಯುವಾಗಲೂ ಬೆರಳುಗಳು ನೋಯುತ್ತಿದ್ದವು. ಗದ್ದೆಮ್ಮ ಕೆಳಗೆ ಏಣಿ ಹಿಡಿದು ನಿಂತಿದ್ದಳು. ಆದಪ್ಪ ಬಂದು ನೆಲದ ಮೇಲಿನ ಹೂ ನೋಡಿ ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಸುಮ್ಮನೆ ಸನಿಕೆ ತೆಗೆದುಕೊಂಡು ಕಾಲುವೆಯ ಬಾಯಿ ಕಟ್ಟಲು ಹೋದ.

ಎಳ್ಳಮಾವಾಸಿಗೆ ತಂಗಿಯಿಂದ ಕರೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ. ಸಂಕ್ರಾಂತಿ ದಾಟಿದ ಮೇಲೆ ಚಳಿ ಬಂತು. ಹೂ ಸುಟ್ಟ ಆ ವರ್ಷದಷ್ಟು ಅಲ್ಲದಿದ್ದರೂ ಹಲ್ಲು ಕಟಕಟಿಸುವಷ್ಟು. ಗ್ಯಾನಮ್ಮ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಗಾಳಿಗೆ ಮುಖ ಒಡ್ಡಿ ನಿಲ್ಲುತ್ತಿದ್ದಳು. ತುರ್ವಿಹಾಳಕ್ಕೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಖಾಸಿಂಬೀ ತುರ್ವಿಹಾಳದಿಂದ ಬಂದಳು. "ನಿನ್ನ ತಂಗಿ ಗಿಡ ನೋಡಿ ಬಂದೆ. ಗದ್ದಿ ಕಡೀದು ಹೂ ಭಾಳಷ್ಟು ಕರ್ರಗಾಗಿ ಉದುರೈತಿ. ಹಾದಿ ಕಡಿ ಹೊಸಾ ಹೂ ಬಂದೈತಿ ನೋಡು, ಒಂದೂ ಕೆಟ್ಟಿಲ್ಲ. ಊರಾಗೆಲ್ಲಾ ಅದ ಮಾತು."

"ಗದ್ದೆವ್ವ ಏನರ ಅಂದಳೇನು?"

"ಏನೂ ಅನ್ನಲಿಲ್ಲ. ಚಾ ಕುಡಸಿದಳು."

ಗ್ಯಾನಮ್ಮ ಅಂದು ಕೂತು ಯೋಚಿಸಿದಳು. ತನ್ನ ಕೈಯಿಂದ ಉಳಿದ ಹೂವು ಅದು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ, ತನ್ನ ಗಿಡದಲ್ಲಿ ಒಂದೂ ಇಲ್ಲವಲ್ಲ ಎಂಬ ಚುರುಕು. ಎದ್ದು ಹೊಲಕ್ಕೆ ಹೋಗಿ ಬೋರಿನ ಕಾಲುವೆಯನ್ನು ಗಿಡದ ಬುಡದಿಂದ ಆಚೆ ತಿರುಗಿಸಿದಳು. ಯಮನೂರಪ್ಪ ದೂರದಿಂದ ನೋಡಿ ತನ್ನ ಕೆಲಸಕ್ಕೆ ತಿರುಗಿದ.

ಚೈತ್ರ ಕಳೆದು ವೈಶಾಖದಲ್ಲಿ ಗದ್ದೆಮ್ಮ ತಾನೇ ಬಂದಳು. ಬಸ್ಸಿನ ಮೇಲಿಂದ ಒಂದು ಚೀಲ ಕಾಯಿ ಇಳಿಸಿಕೊಂಡು, ತಲೆಯ ಮೇಲೆ ಹೊತ್ತು ಬಂದು ಅಕ್ಕನ ಪಡಸಾಲೆಯಲ್ಲಿ ಸುರುವಿದಳು. ಒಂದೊಂದೂ ಗ್ಯಾನಮ್ಮನ ಮುಷ್ಟಿಗಿಂತ ದೊಡ್ಡವು.

"ಉಪ್ಪಿನಕಾಯಿ ಹಾಕೂಣು ತಗಿ" ಎಂದಳು. "ಈಳಿಗಿ ಎಲ್ಲೈತಿ?"

ಇಬ್ಬರೂ ಎದುರುಬದುರು ಕೂತರು. ಗ್ಯಾನಮ್ಮ ಕಾಯಿ ಒರೆಸಿ ಕೊಟ್ಟಳು, ಗದ್ದೆಮ್ಮ ಹೋಳು ಮಾಡಿದಳು. ಅರ್ಧ ಚೀಲ ಮುಗಿಯಿತು. ಆಮೇಲೆ ಗ್ಯಾನಮ್ಮ ಅವ್ವ ತಿಂದ ಚಟ್ನಿಯ ಕತೆ ಹೇಳಿದಳು. ತನ್ನ ಕಾಯಿಯನ್ನು ಅವ್ವ ತಂಗಿಯದೆಂದು ತಿಳಿದದ್ದು, ತಾನು ಹೂಂ ಅಂದದ್ದು. ಗದ್ದೆಮ್ಮನ ಕೈ ನಿಂತಿತು. ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಎರಡನ್ನೂ ಮಾಡಿದಳು.

"ಇನ್ನೊಂದು ಹೇಳತೀನಿ" ಎಂದಳು ಗ್ಯಾನಮ್ಮ, ಕೈಯಲ್ಲಿದ್ದ ದಪ್ಪ ಕಾಯಿ ನೋಡುತ್ತ. "ಇವನ್ನ ನೋಡಿದ್ರ ಈಗೂ ನನ್ನ ಹೊಟ್ಟಿ ಉರೀತೈತಿ."

"ಉರೀಲಿ ಬಿಡು" ಎಂದಳು ಗದ್ದೆಮ್ಮ, ಮೂಗು ಒರೆಸಿಕೊಳ್ಳುತ್ತ. "ಅಪ್ಪ ನಿನ್ನ ತ್ವಾಟಕ್ಕ ಕರಕೊಂಡು ಹೋಗತಿದ್ದ, ನನ್ನ ಒಂದ ದಿನಾನೂ ಕರೀಲಿಲ್ಲ. ನನಗೇನು ಉರೀಲಿಲ್ಲಂತ ತಿಳಕೊಂಡೀಯೇನು?"

ಗ್ಯಾನಮ್ಮ ತಲೆ ಎತ್ತಿ ತಂಗಿಯನ್ನು ನೋಡಿದಳು. ಇಷ್ಟು ವರ್ಷದಲ್ಲಿ ಹಾಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ಎದ್ದು ಉಪ್ಪಿನ ಡಬ್ಬಿ ತರಲು ಒಳಗೆ ಹೋದಳು. ಹೊಲದ ಕೆಲಸ ಮುಗಿಸಿ ಬಂದ ಯಮನೂರಪ್ಪನಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಹೊಸ್ತಿಲಾಚೆ ನಿಂತೇ ಒಂದು ಹೋಳು ಎತ್ತಿಕೊಂಡು ಬಾಯಿಗೆ ಹಾಕಿ, ಹುಳಿಗೆ ಕಣ್ಣು ಮುಚ್ಚಿದ.